ನಳ ಬಂದ ದಿನವೇ ಸೊಳ್ಳೆಗೆ ಹಬ್ಬ: ಕಲಬುರಗಿ ಸೀಮೆಯ ಮನೆಗಳಿಗೊಂದು ಮಾರ್ಗದರ್ಶಿ

ಮೇ ತಿಂಗಳ ಮಧ್ಯಾಹ್ನ, ಹೊರಗೆ 42 ಡಿಗ್ರಿ. ಕೂಲರ್ ಮುಂದೆ ಕಾಲು ಚಾಚಿ ಕೂತಿದ್ದಾಗ ಹಿಮ್ಮಡಿಯ ಮೇಲೆ ಏನೋ ಚುಚ್ಚಿತು. ನೋಡಿದರೆ ಕಪ್ಪು ಮೈ, ಕಾಲ ತುಂಬ ಬಿಳಿ ಪಟ್ಟಿ. "ಇಂಥಾ ಬಿಸಿಲಾಗ ಸೊಳ್ಳಿ ಎಲ್ಲಿಂದ ಬರ್ತಾವ?" ಅಂದರು ಅತ್ತೆ. ಉತ್ತರ ಅವರ ಬೆನ್ನ ಹಿಂದೆಯೇ ಇತ್ತು. ಕೂಲರಿನ ಹಿಂಬದಿಯ ಜಾಲರಿ ಬಿಚ್ಚಿ ತಳಕ್ಕೆ ಮೊಬೈಲ್ ಟಾರ್ಚ್ ಬಿಟ್ಟೆ. ನೀರು ಕನ್ನಡಿಯಂತೆ ತಿಳಿಯಾಗಿತ್ತು, ಮೂಲೆಯಲ್ಲಿ ಸಣ್ಣ ಹುಳುಗಳು ಕೊಂಕಿ ಕೊಂಕಿ ಕುಣಿಯುತ್ತಿದ್ದವು. ಎರಡು ತಿಂಗಳಿಂದ ದಿನಾ ಎರಡು ಕೊಡ ನೀರು ಸುರಿದಿದ್ದೆವು. ಒಂದು ಸಲವೂ ತಳ ತೊಳೆದಿರಲಿಲ್ಲ.

ಸೊಳ್ಳೆ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಬಹಳಷ್ಟು ಮಂಗಳೂರಿನಂಥ ಕರಾವಳಿ ಊರಿಗೆ ಹೊಂದುವಂಥವು: ಮಳೆ ಹಿಡಿಯಿತು, ಹುಷಾರಾಗಿರಿ, ಮಳೆ ಬಿಟ್ಟಿತು, ಇನ್ನು ನಿಶ್ಚಿಂತೆ. ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವಷ್ಟು ಮಳೆ ನಮಗೆ ಇಡೀ ವರ್ಷಕ್ಕೂ ಬರುವುದಿಲ್ಲ. ಹಾಗಾದರೆ ಇಲ್ಲಿ ಡೆಂಗಿ ಇರಬಾರದಿತ್ತಲ್ಲ? ಇದೆ. 2006ರಲ್ಲಿ ಚಿಕುನ್‌ಗುನ್ಯಾ ಬಂದಾಗ ನಮ್ಮ ಕಡೆ ಓಣಿಗೆ ಓಣಿಯೇ ಮೊಣಕಾಲು ಹಿಡಿದು ಕೂತದ್ದನ್ನು ಕಂಡವರು ಮರೆತಿಲ್ಲ. ಕಾರಣ ಸರಳ. ನೀರು ಕಡಿಮೆ ಇರುವ ಊರಿನಲ್ಲಿ ಜನ ನೀರು ಕೂಡಿಡುತ್ತಾರೆ. ನಳ ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ ಅಂದರೆ ಬ್ಯಾರಲ್, ಹೌಜು, ರಂಜಣಿಗೆ, ಬಕೀಟು ಎಲ್ಲವನ್ನೂ ತುಂಬಿಕೊಳ್ಳುತ್ತೇವೆ. ಮೋಡದ ನೀರಿಗಿಂತ ನಾವು ತುಂಬಿಟ್ಟ ನೀರೇ ಇಲ್ಲಿನ ಸೊಳ್ಳೆಗೆ ಹೆಚ್ಚು ಆಸರೆ.

ಯಾವ ಹೊತ್ತಿಗೆ ಕಚ್ಚಿತು?

ಸೊಳ್ಳೆಯನ್ನು ಗುರುತಿಸಲು ಗಡಿಯಾರ ಸಾಕು. ಬೆಳಗ್ಗೆ ಬಿಸಿಲೇರುವ ಹೊತ್ತು, ಮತ್ತೆ ಸಂಜೆ ದೀಪ ಹಚ್ಚುವ ಮುಂಚೆ ಕಾಲಿಗೆ ಕಚ್ಚಿ ಸದ್ದಿಲ್ಲದೆ ಹೋಗುವುದು ಈಡಿಸ್. ಬಿಳಿ ಪಟ್ಟಿಯದು ಇದೇ. ಡೆಂಗಿ, ಚಿಕುನ್‌ಗುನ್ಯಾ ಇದರ ಪಾಲು. ಸ್ವಚ್ಛ ನೀರು ಬೇಕು, ಮನುಷ್ಯರ ಮನೆಯೇ ಬೇಕು. ಬಹಳ ದೂರ ಹಾರುವುದಿಲ್ಲ, ನೂರಿನ್ನೂರು ಮೀಟರಿನಲ್ಲೇ ಬಾಳು ಮುಗಿಸುವುದೇ ಹೆಚ್ಚು. ಹಾಗಾಗಿ ನಿಮಗೆ ಹಗಲು ಕಚ್ಚಿದ್ದು ನಿಮ್ಮ ಮನೆಯದು, ಇಲ್ಲವೇ ಪಕ್ಕದ ಮನೆಯದು.

ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಟ್ಟಿ ನಿದ್ದೆ ಕೆಡಿಸುವುದು ಕ್ಯೂಲೆಕ್ಸ್, ಗಟಾರದ ಸೊಳ್ಳೆ. ಆನೆಕಾಲು ರೋಗ ಹರಡುವುದು ಇದರಿಂದ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆ ರೋಗ ಬೇರೂರಿದ್ದ ಜಿಲ್ಲೆಗಳು. ಆಶಾ ಕಾರ್ಯಕರ್ತೆ ಮನೆಗೆ ಬಂದು ಎದುರಿಗೇ ನುಂಗಿಸುವ ಮಾತ್ರೆ ಇದಕ್ಕೇ. ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಕಾರ್ಯಕ್ರಮ ದೇಶದಲ್ಲಿ ಮೊದಲು ಶುರುವಾದ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿ ಒಂದು. ಮಾತ್ರೆಯನ್ನು ಕೈಯಲ್ಲಿ ಹಿಡಿದು "ಆಮ್ಯಾಲ ತಗೋತೀನ್ರಿ" ಅಂತ ಗೂಡಿನಲ್ಲಿ ಇಡುವವರು ಈಗಲೂ ಇದ್ದಾರೆ.

ಮೂರನೆಯದು ಅನಾಫಿಲಿಸ್, ಮಲೇರಿಯಾದ್ದು. ಇದೂ ರಾತ್ರಿಯದೇ. ಗೋಡೆಯ ಮೇಲೆ ಕೂತಾಗ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂಡುತ್ತದೆ. ಇದೇ ಜಾತಿಯ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಕ್ರಿಮಿಯನ್ನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಮೊದಲು ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಆಗ ನಮ್ಮ ಮೂರೂ ಜಿಲ್ಲೆಗಳ ಊರುಗಳು ನಿಜಾಮರ ಅದೇ ಸಂಸ್ಥಾನದಲ್ಲಿದ್ದವು.

ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆಗೆ ಅದಕ್ಕೆ ರಕ್ತ ಬೇಕು.

ನಮ್ಮ ಸೀಮೆಯ ಸೊಳ್ಳೆ ಪಂಚಾಂಗ

ಶಿವರಾತ್ರಿಯಿಂದ ಶರಣಬಸವೇಶ್ವರ ಜಾತ್ರೆಯವರೆಗೆ ಗಟಾರದ ಸೊಳ್ಳೆಯ ಕಾಲ. ಚಳಿ ಬಿಟ್ಟಿರುತ್ತದೆ, ಗಟಾರ ಕೊಚ್ಚಿಹೋಗಲು ಮಳೆ ಇರುವುದಿಲ್ಲ, ಕೊಳಚೆ ನಿಂತಲ್ಲೇ ನಿಂತಿರುತ್ತದೆ. ಏಪ್ರಿಲ್, ಮೇ ಬಂದರೆ ಬಯಲಲ್ಲಿ ಸೊಳ್ಳೆ ಬದುಕುವುದೇ ಕಷ್ಟ. ಉರಿ ಬಿಸಿಲಿಗೆ ಅದರ ಆಯುಷ್ಯ ಇಳಿಯುತ್ತದೆ. ಆದ್ದರಿಂದಲೇ ಅದು ಒಳಗೆ ಬರುತ್ತದೆ. ಕೂಲರ್ ಹಿಂದಿನ ತಂಪು, ಬಚ್ಚಲಿನ ಕತ್ತಲೆ, ಗೂಟಕ್ಕೆ ತೂಗುಬಿದ್ದ ಬಟ್ಟೆ ಅದಕ್ಕೆ ಅರಮನೆ. ಬೇಸಿಗೆಯಲ್ಲಿ ಸೊಳ್ಳೆ ಇಲ್ಲ ಅನ್ನುವ ಭ್ರಮೆ ಹುಟ್ಟುವುದೂ ಹೀಗೇ.

ಕಾರಹುಣ್ಣಿಮೆ ಆಸುಪಾಸಿನಲ್ಲಿ ಮೊದಲ ಮಳೆ ಬೀಳುತ್ತದೆ. ಹತ್ತು ಹದಿನೈದು ದಿನ ಬಿಟ್ಟು ನೋಡಿ, ಹಗಲು ಕಚ್ಚುವ ಸೊಳ್ಳೆ ಏಕಾಏಕಿ ಏರಿರುತ್ತದೆ. ನಮ್ಮಲ್ಲಿ ಸೆಪ್ಟೆಂಬರ್ ಮಳೆ ಜೋರು. ಗಣೇಶನ ಹಬ್ಬದಿಂದ ದೀಪಾವಳಿವರೆಗಿನದು ಜ್ವರದ ಹಂಗಾಮು. 2020ರ ಅಕ್ಟೋಬರಿನಂತೆ ಭೀಮೆ ಉಕ್ಕಿದ ವರ್ಷ ದಡದ ಹಳ್ಳಿಗಳವರು ನೀರು ಇಳಿದ ಮೇಲಿನ ಎರಡು ಮೂರು ವಾರವನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು. ನೆರೆ ನೀರು ಹರಿದು ಹೋದರೂ ಹೊಂಡ ಬಿಟ್ಟು ಹೋಗುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೊರಡುವ ಹೊತ್ತಿಗೆ ಚಳಿಗೆ ಮರಿಗಳ ಬೆಳವಣಿಗೆ ನಿಧಾನವಾಗಿರುತ್ತದೆ, ಎತ್ತರದ ಬೀದರಿನಲ್ಲಿ ಇನ್ನೂ ನಿಧಾನ.

ಇನ್ನು ಊರಿಂದೂರಿಗೆ ವ್ಯತ್ಯಾಸ. ಶಹಾಪುರ, ಸುರಪುರದವರಿಗೆ ನಾರಾಯಣಪುರ ಎಡದಂಡೆ ಕಾಲುವೆ, ಭತ್ತದ ಗದ್ದೆ ಇವೆ, ಅಲ್ಲಿ ರಾತ್ರಿ ಸೊಳ್ಳೆಯ ಮೇಲೆ ಕಣ್ಣಿರಲಿ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಪರಸಿ ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ಮಳೆನೀರು ನಿಂತು ತಿಂಗಳುಗಟ್ಟಲೆ ತಿಳಿಯಾಗಿರುತ್ತದೆ. ಕಲಬುರಗಿ ನಗರದವರಿಗೆ ಮುಖ್ಯ ವೈರಿ ಮನೆಯೊಳಗಿನ ಬ್ಯಾರಲ್.

ಹೆಜ್ಜೆ 1: ಟಾರ್ಚ್ ಹಿಡಿದು ಹದಿನೈದು ನಿಮಿಷ

ಔಷಧ ಕೊಳ್ಳುವ ಮುಂಚೆ ಹುಡುಕಿ. ಬೆಳಕನ್ನು ನೀರಿನ ಮೇಲೆ ನೇರವಾಗಿ ಬಿಟ್ಟು ಒಂದು ನಿಮಿಷ ಅಲುಗಾಡದೆ ನಿಲ್ಲಿ. ಈಡಿಸ್ ಮರಿ ಬೆಳಕು, ನೆರಳು ಕಂಡೊಡನೆ ತಳಕ್ಕಿಳಿಯುತ್ತದೆ, ಉಸಿರಿಗಾಗಿ ಮತ್ತೆ ಮೇಲೆ ಬರಲೇಬೇಕು. ತಲೆ ಕೆಳಗೆ ಮಾಡಿ ನೇತಾಡುತ್ತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ನೀರಿನ ಮೇಲ್ಮೈಗೆ ಸಮನಾಗಿ ಮಲಗಿದಂತಿದ್ದರೆ ಅನಾಫಿಲಿಸ್.

ಬ್ಯಾರಲ್, ಹೌಜು ಎಲ್ಲರಿಗೂ ಹೊಳೆಯುತ್ತವೆ. ಹೊಳೆಯದವು ಇವು: ಫ್ರಿಜ್ ಹಿಂದಿನ ತಟ್ಟೆ, ಬಾಟಲಿಯಲ್ಲಿಟ್ಟ ಮನಿ ಪ್ಲಾಂಟ್, ಕುಂಡದ ಕೆಳಗಿನ ತಟ್ಟೆ, ಅಂಗಳದ ಮೂಲೆಯಲ್ಲಿ ಬಿದ್ದ ಒಳಕಲ್ಲು, ಮಾಳಿಗೆ ಮೇಲೆ "ಬೇಕಾಗತದ" ಅಂತ ಇಟ್ಟ ಹಳೇ ಟೈರು ಮತ್ತು ಬಣ್ಣದ ಡಬ್ಬಿ, ಬೀಗ ಹಾಕಿದ ಮನೆಯ ಕಮೋಡು. ಬೇಸಿಗೆಯಲ್ಲಿ ಗುಬ್ಬಿಗೆ ಅಂತ ಇಡುವ ನೀರಿನ ಬಟ್ಟಲೂ ಅಷ್ಟೇ. ಪುಣ್ಯದ ಕೆಲಸ, ಬಿಡಬೇಡಿ. ದಿನಾ ಚೆಲ್ಲಿ, ಬೆರಳಿನಿಂದ ಒಳಗೆ ಉಜ್ಜಿ ಹೊಸ ನೀರು ಹಾಕಿ.

ಹೆಜ್ಜೆ 2: ನಳ ಬರುವ ಮುಂಚೆ ಗೋಡೆ ಉಜ್ಜಿ

ಈ ಲೇಖನದಲ್ಲಿ ಒಂದೇ ಒಂದನ್ನು ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಈಡಿಸ್ ನೀರಿನೊಳಗೆ ಮೊಟ್ಟೆ ಇಡುವುದಿಲ್ಲ. ನೀರಿನ ಅಂಚಿಗಿಂತ ತುಸು ಮೇಲೆ, ಒದ್ದೆ ಗೋಡೆಗೆ ಅಂಟಿಸುತ್ತದೆ. ಕಪ್ಪು ಚುಕ್ಕಿ, ಸಾಸಿವೆಗಿಂತ ಸಣ್ಣದು, ಪ್ಲಾಸ್ಟಿಕ್ಕಿನ ಮೇಲಿನ ಕೊಳೆ ಅನ್ನಿಸುತ್ತದೆ. ಒಣಗಿದರೂ ಸಾಯುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಇದ್ದು, ನೀರು ಸೋಕಿದೊಡನೆ ಒಡೆದು ಮರಿಯಾಗುತ್ತದೆ. ನಮ್ಮ ಸೆಕೆಯಲ್ಲಿ ಮರಿ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ.

ಈಗ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೆನೆಯಿರಿ. ಬ್ಯಾರಲಿನಲ್ಲಿ ಅರ್ಧ ನೀರಿದೆ. ಅಂಚಿನ ಮೇಲೆ ಮೊಟ್ಟೆ ಅಂಟಿದೆ. ನಳ ಬಂತು. ಉಳಿದ ನೀರು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಅದರ ಮೇಲೇ ಕಂಠಮಟ್ಟ ತುಂಬುತ್ತೇವೆ. ಒಣಗಿ ಕಾದು ಕೂತಿದ್ದ ಮೊಟ್ಟೆಗಳೆಲ್ಲ ಮುಳುಗಿ ಒಮ್ಮೆಲೇ ಒಡೆಯುತ್ತವೆ. ಅಂದರೆ ಪ್ರತಿ ಸಲ ನಳ ಬಂದಾಗಲೂ ನಾವೇ ಕೈಯಾರೆ ಸೊಳ್ಳೆಗೆ ಮಳೆ ಸುರಿಸುತ್ತೇವೆ. ನೀರು ಚೆಲ್ಲಿ ಬ್ಯಾರಲ್ ಬೋರಲು ಹಾಕಿದರೂ ಮೊಟ್ಟೆ ಗೋಡೆಯಲ್ಲೇ ಇರುತ್ತದೆ. ತೊಲಗಿಸುವುದು ಉಜ್ಜುವುದರಿಂದ ಮಾತ್ರ.

ಹಾಗಂತ ನೀರು ವ್ಯರ್ಥ ಮಾಡಿ ಅಂತ ಈ ಊರಿನಲ್ಲಿ ಹೇಳಲು ನನಗೂ ಬಾಯಿ ಬರುವುದಿಲ್ಲ. ನಾವು ಮಾಡುತ್ತಿರುವುದು ಹೀಗೆ. ಒಂದು ದೊಡ್ಡ ಬ್ಯಾರಲಿನ ಬದಲು ಎರಡು ಸಣ್ಣವು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು. ಮೊದಲು ಕೆಂಪಿನದನ್ನು ಪೂರ್ತಿ ಖಾಲಿ ಮಾಡಿ, ಆಮೇಲೆ ಹಸಿರಿನದಕ್ಕೆ ಕೈ ಹಾಕುವುದು. ಖಾಲಿಯಾದದ್ದನ್ನು ಒರಟು ಬ್ರಷ್ಷಿನಿಂದ ಒಳಗೋಡೆ, ಕಂಠ, ಮುಚ್ಚಳದ ಒಳಮೈ ಬಲವಾಗಿ ಉಜ್ಜಿ, ಒಂದು ತಂಬಿಗೆ ನೀರಲ್ಲಿ ಜಾಲಿಸಿ ಆ ನೀರನ್ನು ಮಣ್ಣಿಗೆ ಚೆಲ್ಲಿ, ಬಿಸಿಲಿಗೆ ಇಡುವುದು. ಗಟಾರಕ್ಕೆ ಚೆಲ್ಲಬೇಡಿ, ನೀರಿರುವಲ್ಲಿ ಮೊಟ್ಟೆಗೆ ಮತ್ತೊಂದು ಅವಕಾಶ. ನಳ ಬಂದಾಗ ತುಂಬುವುದು ಉಜ್ಜಿದ್ದನ್ನು ಮಾತ್ರ. ಯಾವ ಪಾತ್ರೆಯ ನೀರೂ ಏಳು ದಿನ ದಾಟದಂತೆ ತಿರುಗಣಿ ಮಾಡಿಕೊಂಡರೆ ಮರಿ ಹುಟ್ಟಿದರೂ ಸೊಳ್ಳೆಯಾಗಿ ಹಾರುವುದಿಲ್ಲ.

ಮುಚ್ಚಳದ ಬಗ್ಗೆ ಒಂದು ಮಾತು. ಬಾಗಿದ ತಗಡು, ಸೀಳಿದ ಪ್ಲಾಸ್ಟಿಕ್ ಮುಚ್ಚಳ ಇದ್ದೂ ಇಲ್ಲದಂತೆ. ಒಳಗೆ ಕತ್ತಲೆ, ತಂಪು, ಕದಡದ ನೀರು ಸಿಕ್ಕಿ ಸೊಳ್ಳೆಗೆ ತೆರೆದ ಬ್ಯಾರಲಿಗಿಂತ ಹಿತ. ಹಳೇ ಧೋತರದ ಬಟ್ಟೆಯನ್ನು ಎರಡು ಪದರ ಮಾಡಿ ಬಾಯಿಗೆ ಬಿಗಿಯಾಗಿ ಕಟ್ಟಿ, ಸೈಕಲ್ ಟ್ಯೂಬಿನ ಪಟ್ಟಿ ಹಾಕಿದರೆ ಜಾರುವುದಿಲ್ಲ. ಬಟ್ಟೆ ಜೋತುಬಿದ್ದು ನೀರಿಗೆ ತಾಗಬಾರದು, ಒದ್ದೆ ಬಟ್ಟೆಯೇ ಮೊಟ್ಟೆಯ ಜಾಗವಾದೀತು.

ಹೆಜ್ಜೆ 3: ಕೂಲರ್

ಕೂಲರ್ ಓಡುತ್ತಿದ್ದರೆ ನೀರು ತಿರುಗುತ್ತದೆ, ಸೊಳ್ಳೆ ಬರಲ್ಲ ಅನ್ನುವುದು ಸುಳ್ಳು. ಪಂಪಿನ ಬಳಿ ನೀರು ತಿರುಗುತ್ತದೆ, ಮೂಲೆಗಳಲ್ಲಿ ನಿಂತೇ ಇರುತ್ತದೆ. ವಾರಕ್ಕೊಮ್ಮೆ ಪ್ಲಗ್ ತೆಗೆದು, ತಳದ ಬಿರಡೆ ಬಿಚ್ಚಿ, ಪೂರ್ತಿ ನೀರು ಇಳಿಸಿ, ಬದಿಗಳನ್ನು ಉಜ್ಜಿ, ಒಂದು ತಾಸಾದರೂ ಒಣಗಲು ಬಿಡಿ. ಪ್ಲಗ್ ತೆಗೆಯದೆ ಕೈ ಹಾಕಬೇಡಿ. ಒದ್ದೆ ತಗಡಿನ ಕೂಲರ್ ಸೊಳ್ಳೆಗಿಂತ ಅಪಾಯ.

ಇದಕ್ಕಿಂತ ದೊಡ್ಡ ತಪ್ಪು ಜೂನ್‌ನಲ್ಲಿ ಆಗುತ್ತದೆ. ಮಳೆ ಬಂತು, ಕೂಲರ್ ಸಾಕು ಅಂತ ನೀರಿದ್ದಂತೆಯೇ ಮೂಲೆಗೆ ತಳ್ಳುತ್ತೇವೆ, ಇಲ್ಲವೇ ಮಾಳಿಗೆ ಮೇಲೆ ಬಯಲಿಗಿಡುತ್ತೇವೆ. ಅಲ್ಲಿ ಮಳೆನೀರು ತುಂಬುತ್ತದೆ. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಕೂಲರಿನ ಕೊನೆಯ ಸ್ನಾನ ಮುಗಿಸಿ: ಹುಲ್ಲಿನ ಪ್ಯಾಡ್ ಕಿತ್ತು ಎಸೆಯಿರಿ, ಅದರಲ್ಲೂ ಮೊಟ್ಟೆ ಅಂಟಿರುತ್ತದೆ. ತೊಟ್ಟಿ ಉಜ್ಜಿ ಬಿಸಿಲಿಗೆ ಒಣಗಿಸಿ, ಗೋಣಿಚೀಲವಲ್ಲ, ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಗಿಡಿ. ಮುಂದಿನ ಬೇಸಿಗೆಗೆ ಹೊಸ ಹುಲ್ಲು ಹಾಕಿ.

ಹೆಜ್ಜೆ 4: ಖಾಲಿ ಮಾಡಲಾಗದ ನೀರು

ಸಂಪು, ಬಾವಿ, ದನದ ಬಾನಿ, ಕಟ್ಟಡಕ್ಕೆ ನೀರು ಹೊಡೆಯಲು ಕಟ್ಟಿಸಿದ ತೊಟ್ಟಿ. ಇವುಗಳಿಗೆ ಗಪ್ಪಿ ಅಥವಾ ಗಂಬೂಸಿಯಾ ಮೀನು. ಎರಡೂ ಮೊಟ್ಟೆಯಿಡದೆ ಮರಿ ಹಾಕುವ ಮೀನುಗಳು, ಬೇಗ ಹೆಚ್ಚುತ್ತವೆ, ಸೊಳ್ಳೆಮರಿ ತಿನ್ನುತ್ತವೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಕೆರೆಗೆ, ಹಳ್ಳಕ್ಕೆ ಮಾತ್ರ ನೀವಾಗಿ ಗಂಬೂಸಿಯಾ ಬಿಡಬೇಡಿ, ಅಲ್ಲಿನ ನಾಡಮೀನಿನ ಮರಿಗಳನ್ನೂ ಅದು ಮುಗಿಸುತ್ತದೆ. ಸಂಪಿನ ಮುಚ್ಚಳದ ಹಿಡಿಕೆ ತೂತು, ಗಾಳಿಕೊಳವೆ, ಹೆಚ್ಚುವರಿ ನೀರು ಹೋಗುವ ಪೈಪಿನ ಬಾಯಿ, ಮೂರಕ್ಕೂ ನೈಲಾನ್ ಜಾಲರಿ ಕಟ್ಟಿ.

ಸೊಳ್ಳೆಮರಿ ಕೊಲ್ಲಲು ಆರೋಗ್ಯ ಇಲಾಖೆಯವರು ಬ್ಯಾರಲಿಗೆ ಹಾಕುವ ಟೆಮಿಫಾಸ್ ದ್ರಾವಣಕ್ಕೆ ಬಹಳ ಜನ ಬೇಡ ಅನ್ನುತ್ತಾರೆ, ವಾಸನೆ ಅಂತ. ಬಳಕೆಯ ನೀರಿಗೆ ಹಾಕಿಸಿಕೊಳ್ಳಿ. ಕುಡಿಯುವ ನೀರಿನ ಕೊಡ ದಿನಾ ಬೆಳಗುವುದರಿಂದ ಅದಕ್ಕೆ ಅಗತ್ಯವೇ ಬೀಳುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ದಂಡವನ್ನೂ ಇಟ್ಟಿತು. ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಕಟ್ಟಡ ಕಟ್ಟುತ್ತಿರುವ ಜಾಗಕ್ಕೆ ನಗರದಲ್ಲಿ 2,000. ಪಕ್ಕದ ಅರ್ಧ ಕಟ್ಟಿದ ಮನೆಯ ಮಾಲೀಕರ ಹತ್ತಿರ ಮಾತಾಡುವಾಗ ಈ ಅಂಕಿ ಉಪಯೋಗಕ್ಕೆ ಬರುತ್ತದೆ. ಮೊದಲು ಚಹಾ ಕುಡಿಸಿ ಹೇಳಿ.

ಹೆಜ್ಜೆ 5: ಗಟಾರ

ಸೆಪ್ಟಿಕ್ ಟ್ಯಾಂಕಿನ ಗಾಳಿಕೊಳವೆಯ ತುದಿಗೆ ಜಾಲರಿ ಕಟ್ಟಿ. ಐವತ್ತು ರೂಪಾಯಿಯೂ ಆಗದ ಕೆಲಸ, ಆದರೆ ರಾತ್ರಿಯ ಗುಂಯ್‌ಗುಟ್ಟುವಿಕೆ ಅರ್ಧ ಇಳಿಯುವುದುಂಟು. ಟ್ಯಾಂಕಿನ ಕಲ್ಲುಹಾಸಿನ ಸಂದಿಗೆ ಸಿಮೆಂಟು ಮೆತ್ತಿ. ಬಚ್ಚಲ ನೀರು ಮನೆ ಹಿಂದೆ ಮಡುಗಟ್ಟುತ್ತಿದ್ದರೆ ಇಂಗುಗುಂಡಿ ತೋಡಿಸಿ.

ಹೊಗೆ ಗಾಡಿ ಬಂದರೆ ಮಕ್ಕಳು ಹಿಂದೆ ಓಡುತ್ತಾರೆ, ದೊಡ್ಡವರು ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಆ ಹೊಗೆ ಆ ಕ್ಷಣ ಹಾರುತ್ತಿದ್ದ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ಮರಿಗೂ ಮೊಟ್ಟೆಗೂ ಏನೂ ಆಗುವುದಿಲ್ಲ. ಜ್ವರ ಹಬ್ಬಿದ ಓಣಿಯಲ್ಲಿ ಅದಕ್ಕೆ ಬೆಲೆ ಇದೆ, ಬ್ಯಾರಲ್ ಉಜ್ಜುವುದಕ್ಕೆ ಬದಲಿ ಅಲ್ಲ.

ಹೆಜ್ಜೆ 6: ಕಚ್ಚಿಸಿಕೊಳ್ಳದಿರುವುದು

ಹಗಲಿಗೊಂದು ತಯಾರಿ, ರಾತ್ರಿಗೊಂದು. ಶಾಲೆಗೆ ಹೋಗುವ ಮಕ್ಕಳಿಗೆ ಆಗಸ್ಟ್‌ನಿಂದ ನವೆಂಬರ್‌ವರೆಗೆ ತುಂಬು ತೋಳು, ಉದ್ದ ಚಡ್ಡಿ ಅಥವಾ ಪ್ಯಾಂಟ್, ತಿಳಿ ಬಣ್ಣ. ಕಾಲುಚೀಲವನ್ನಂತೂ ಬಿಡಬೇಡಿ, ಈಡಿಸ್‌ಗೆ ಕಾಲೇ ಇಷ್ಟ. ಹಚ್ಚುವ ಮುಲಾಮು ಕೊಳ್ಳುವಾಗ ಹೆಸರಿಗಿಂತ ಒಳಗೇನಿದೆ ನೋಡಿ: ಡೀಟ್, ಪಿಕಾರಿಡಿನ್, ಐಆರ್3535 ಪರೀಕ್ಷೆಗೆ ನಿಂತ ವಸ್ತುಗಳು. ತೆರೆದ ಚರ್ಮಕ್ಕೆ ಮಾತ್ರ ಹಚ್ಚಿ, ಮಕ್ಕಳ ಅಂಗೈಗೆ ಬೇಡ, ಅದು ಬಾಯಿಗೆ ಹೋಗುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ಮುಲಾಮು ಬೇಡವೇ ಬೇಡ, ತೊಟ್ಟಿಲಿಗೆ ಪರದೆ ಕಟ್ಟಿ. ನಮ್ಮ ಬೆವರಿಗೆ ಮುಲಾಮು ಬೇಗ ಇಳಿಯುತ್ತದೆ, ಡಬ್ಬಿಯ ಮೇಲಿನ ತಾಸಿನ ಲೆಕ್ಕವನ್ನು ಪೂರ್ತಿ ನಂಬಬೇಡಿ.

ಬೇವಿನ ಸೊಪ್ಪಿನ ಹೊಗೆ, ಲೋಬಾನದ ಹೊಗೆ ಇರುವಷ್ಟು ಹೊತ್ತು ಸೊಳ್ಳೆ ಸರಿದಿರುತ್ತದೆ. ಆರಿದ ಮೇಲೆ ವಾಪಸ್. ಸುರುಳಿ ಬತ್ತಿಯ ಬಗ್ಗೆ ನನಗೆ ತಕರಾರಿದೆ. ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟು ಸುಟ್ಟಷ್ಟು ಎಂದು ಅಳೆದು ನೋಡಿದವರಿದ್ದಾರೆ. ಕಿಟಕಿ ಮುಚ್ಚಿ, ಮಗುವಿನ ಹಾಸಿಗೆ ಪಕ್ಕ ಅದನ್ನಿಡುವುದು ಯಾವ ಲೆಕ್ಕದ ರಕ್ಷಣೆ? ಬೀದಿಯಲ್ಲಿ ಮಾರುವ ಸೊಳ್ಳೆ ಅಗರಬತ್ತಿ ಇನ್ನೂ ಕೆಟ್ಟದ್ದು, ಪೊಟ್ಟಣದ ಮೇಲೆ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಮುಟ್ಟಬೇಡಿ.

ಫ್ಯಾನ್ ಒಳ್ಳೆಯ ಆಯುಧ. ಸೊಳ್ಳೆಗೆ ಗಾಳಿ ಸೀಳುವ ಶಕ್ತಿ ಇಲ್ಲ. ಸ್ಪ್ರೇ ಹೊಡೆಯುವುದಿದ್ದರೆ ಕೋಣೆಯ ನಡುವೆ ಬೇಡ. ಮಂಚದ ಕೆಳಗೆ, ಗೂಟದ ಬಟ್ಟೆಯ ಹಿಂದೆ, ಕಪಾಟಿನ ಸಂದಿಗೆ.

ರಾತ್ರಿಗೆ ಮಚ್ಛರದಾನಿಗೆ ಸಮ ಯಾವುದೂ ಇಲ್ಲ. ಒಂದು ಚದರ ಇಂಚಿಗೆ ಕನಿಷ್ಠ 156 ಕಿಂಡಿ ಇರಬೇಕು. ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸದಿದ್ದರೆ ಕಟ್ಟಿದ್ದು ದಂಡ. ಮೈ ಪರದೆಗೆ ಒರಗಿದರೂ ಸೊಳ್ಳೆ ಹೊರಗಿನಿಂದಲೇ ಚುಚ್ಚುತ್ತದೆ, ಅಗಲವಾದದ್ದು ತನ್ನಿ. ಸರ್ಕಾರ ಕೊಡುವ ಔಷಧ ಲೇಪಿತ ಪರದೆಯನ್ನು ಪದೇ ಪದೇ ಒಗೆಯಬೇಡಿ, ನೆರಳಲ್ಲಿ ಒಣಗಿಸಿ. ಅದನ್ನು ತರಕಾರಿ ಮಡಿಗೆ ಬೇಲಿ ಮಾಡಿದವರನ್ನು ನೋಡಿದ್ದೇನೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರು ಹೊರಸಿನ ನಾಲ್ಕು ಕಾಲಿಗೆ ಬಿದಿರ ಕೋಲು ಕಟ್ಟಿ ಪರದೆ ಇಳಿಬಿಟ್ಟರೆ ಗಾಳಿಯೂ ಸಿಗುತ್ತದೆ, ನಿದ್ದೆಯೂ.

ಹೆಜ್ಜೆ 7: ಜ್ವರ ಬಂದರೆ

ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ. ಬ್ರುಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್ ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸಬಹುದು. "ಡಾಕ್ಟರ್ರೇ, ಒಂದ್ ಸೂಜಿ ಮಾಡ್ರಿ" ಅಂತ ನಾವೇ ಕಾಡುತ್ತೇವಲ್ಲ, ಆ ಸೂಜಿ ಬಹಳ ಸಲ ಡೈಕ್ಲೊಫೆನಾಕೇ ಆಗಿರುತ್ತದೆ. ಡೆಂಗಿ ಪತ್ತೆಗೆ ಮೊದಲ ಐದು ದಿನದೊಳಗೆ ಎನ್ಎಸ್1 ರಕ್ತಪರೀಕ್ಷೆ, ಆಮೇಲೆ ಐಜಿಎಂ. ಮಲೇರಿಯಾಕ್ಕೆ ರಕ್ತಲೇಪನ ಬೇರೆಯೇ ಮಾಡಿಸಬೇಕು. ಪಪ್ಪಾಯಿ ಎಲೆಯ ರಸ ಕುಡಿಸಿ ಮನೆಯಲ್ಲೇ ಕೂಡಬೇಡಿ.

ಡೆಂಗಿಯಲ್ಲಿ ಜ್ವರ ಬಿಟ್ಟ ದಿನವೇ ಮೋಸದ ದಿನ. ಮೂರರಿಂದ ಏಳನೇ ದಿನದ ನಡುವೆ ಮೈ ತಣ್ಣಗಾಯಿತು ಅಂತ ಸಂತೋಷಪಡುವಾಗಲೇ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೂಕಡಿಕೆ ಅಥವಾ ಚಡಪಡಿಕೆ ಕಂಡರೆ, ಆರು ತಾಸು ಮೂತ್ರ ಬರದಿದ್ದರೆ, ರಾತ್ರಿ ಎಷ್ಟೇ ಆಗಿರಲಿ ಆಸ್ಪತ್ರೆಗೆ ಹೊರಡಿ. ಓಆರ್‌ಎಸ್, ಮಜ್ಜಿಗೆ, ಗಂಜಿ ಸಣ್ಣ ಸಣ್ಣ ಗುಟುಕಿನಲ್ಲಿ ನಡೆಯುತ್ತಿರಲಿ. ರೋಗಿಯನ್ನು ಮೊದಲ ಐದಾರು ದಿನ ಹಗಲಲ್ಲೂ ಪರದೆಯೊಳಗೆ ಮಲಗಿಸಿ. ಅವರ ರಕ್ತ ಕುಡಿದ ಸೊಳ್ಳೆಯೇ ಮನೆಯ ಉಳಿದವರಿಗೆ ರೋಗ ತರುವುದು.

ಕೊನೆಗೆ ದುಡಿಯಲು ಹೋದವರ ವಿಷಯ. ನಮ್ಮ ಹಳ್ಳಿಗಳಿಂದ ಮಂಗಳೂರು, ಗೋವಾ, ಮುಂಬೈ ಕಟ್ಟಡ ಕೆಲಸಕ್ಕೆ ಹೋದವರು ಹಬ್ಬಕ್ಕೆ ಊರಿಗೆ ಬಂದಾಗ ಚಳಿಜ್ವರ ಹಿಡಿದರೆ, ಎಲ್ಲಿಂದ ಬಂದದ್ದು ಎಂದು ಡಾಕ್ಟರಿಗೆ ಮೊದಲೇ ಹೇಳಿ. ಕಟ್ಟಡದ ತೊಟ್ಟಿಗಳ ಪಕ್ಕ ಮಲಗಿದವರಿಗೆ ಮಲೇರಿಯಾ ಹತ್ತುವುದು ಸಾಮಾನ್ಯ. ವೈವ್ಯಾಕ್ಸ್ ಬಗೆಯದಾದರೆ ಮೂರು ದಿನದ ಗುಳಿಗೆಗೆ ಜ್ವರ ನಿಲ್ಲುತ್ತದೆ, ಕ್ರಿಮಿ ಮಾತ್ರ ಪಿತ್ತಜನಕಾಂಗದಲ್ಲಿ ಅಡಗಿ ಕೂತಿರುತ್ತದೆ. ಅದಕ್ಕಾಗಿಯೇ ಪ್ರೈಮಾಕ್ವಿನ್ 14 ದಿನ ಕೊಡುತ್ತಾರೆ. ಗರ್ಭಿಣಿಯರಿಗೆ, ಕೂಸುಗಳಿಗೆ ಅದು ಸಲ್ಲದು, ಡಾಕ್ಟರರೇ ನಿರ್ಧರಿಸಬೇಕು. ಉಳಿದವರು ಜ್ವರ ಬಿಟ್ಟರೂ ಬಸ್ ಹತ್ತುವ ಮುಂಚೆ ಗುಳಿಗೆಯ ಪಟ್ಟಿಯನ್ನು ಎಣಿಸಿ ಚೀಲಕ್ಕೆ ಹಾಕಿಕೊಳ್ಳಿ, ಹದಿನಾಲ್ಕನೆಯದನ್ನೂ ನುಂಗಿ.